ಮಲೆನಾಡಿನಲ್ಲಿ ನಕ್ಷತ್ರ ನೋಡಲು ಧ್ರುವನಿಂದ ಶುರು ಮಾಡಬೇಡಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಏಳನೇ ಕ್ಲಾಸಿನ ಮಗಳಿಗೆ ನಕ್ಷತ್ರದ ಹುಚ್ಚು ಹಿಡಿದಿದೆ. ಮೊದಲು ಧ್ರುವನಕ್ಷತ್ರ ಹುಡುಕಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅಂಗಳದಲ್ಲಿ ನಿಂತು ಎಷ್ಟು ನೋಡಿದರೂ ಸಿಗುತ್ತಿಲ್ಲ. ಮೊಬೈಲ್ ಆ್ಯಪ್ ತೋರಿಸುವ ದಿಕ್ಕೂ ತಾಳೆಯಾಗುವುದಿಲ್ಲ. ಎಲ್ಲಿಂದ ಶುರು ಮಾಡಬೇಕು? ಟೆಲಿಸ್ಕೋಪ್ ಬೇಕೇ ಬೇಕಾ?

ಉತ್ತರ: ನಿಮ್ಮ ಅಂಗಳದಿಂದ ಧ್ರುವ ಕಾಣದಿದ್ದರೆ ಆಶ್ಚರ್ಯವೇನಿಲ್ಲ. ನಾವಿರುವ ಅಕ್ಷಾಂಶ ಎಷ್ಟೋ, ಧ್ರುವ ದಿಗಂತದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ. ಸಾಗರದಲ್ಲಿ ಅದು ಸುಮಾರು 14 ಡಿಗ್ರಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಧ್ರುವ ಇರುವುದು ಒಂದೂವರೆ ಮುಷ್ಟಿ ಎತ್ತರದಲ್ಲಿ. ಉತ್ತರಕ್ಕೆ ಅಡಿಕೆ ತೋಟವೋ ಗುಡ್ಡವೋ ಇದ್ದರೆ ಮುಗಿಯಿತು. ಅದು ಆಕಾಶದಲ್ಲೇ ಹೆಚ್ಚು ಹೊಳೆಯುವ ಚುಕ್ಕಿ ಅನ್ನುವುದೂ ಸುಳ್ಳು. ಅದಕ್ಕಿಂತ ಪ್ರಕಾಶದ ನಕ್ಷತ್ರಗಳು ನಲವತ್ತಕ್ಕೂ ಜಾಸ್ತಿ ಇವೆ. ಧ್ರುವನಿಂದ ಶುರು ಮಾಡಿ ಅನ್ನುವ ಸಲಹೆ ಅದು ತಲೆಯ ಮೇಲೆ ಎತ್ತರದಲ್ಲಿ ಕಾಣುವ ಯುರೋಪಿನವರಿಗೆ ಸರಿ.

ನೀವು ಮಹಾವ್ಯಾಧ ಅನ್ನುವ ನಕ್ಷತ್ರಪುಂಜದಿಂದ (ಇಂಗ್ಲಿಷಿನಲ್ಲಿ ಓರಿಯನ್) ಶುರು ಮಾಡಿ. ಮಳೆಗಾಲ ಕಳೆದು ಅಡಿಕೆ ಕೊಯ್ಲು ಶುರುವಾದ ಮೇಲೆ ನಮ್ಮ ಆಕಾಶ ತಿಳಿಯಾಗುತ್ತದೆ. ಡಿಸೆಂಬರ್ ನಡುವಿನಲ್ಲಿ, ರಾತ್ರಿ ಒಂಬತ್ತೂವರೆ ಹೊತ್ತಿಗೆ, ಅಡಿಕೆ ಸುಲಿಯುವವರು ಕಾಲು ಬಿಡಿಸಿಕೊಳ್ಳಲು ಏಳುತ್ತಾರಲ್ಲ, ಆಗ ಮಗಳನ್ನು ಕರೆದುಕೊಂಡು ಚಪ್ಪರದಿಂದ ಆಚೆ ಬನ್ನಿ. ಪೂರ್ವಕ್ಕೆ ಮುಖ ಮಾಡಿ. ದಿಗಂತಕ್ಕೂ ನೆತ್ತಿಗೂ ಅರ್ಧದಾರಿಯಲ್ಲಿ ಮೂರು ಚುಕ್ಕಿಗಳು ಒತ್ತೊತ್ತಾಗಿ, ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತವೆ. ಅದು ವ್ಯಾಧನ ಸೊಂಟದ ಪಟ್ಟಿ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಪಟ್ಟಿಯ ಎಡಕ್ಕೆ ಕೆಂಪು ಛಾಯೆಯ ಆರಿದ್ರಾ, ಬಲಕ್ಕೆ ನೀಲಿ ಬಿಳುಪಿನ ರೀಗಲ್. ಎರಡರ ಬಣ್ಣ ಬೇರೆ ಅಂತ ಮಗಳೇ ಹೇಳಲಿ, ನೀವು ಬಾಯಿ ಬಿಡಬೇಡಿ. ಆ ಮೂರರ ಗೆರೆಯನ್ನು ಕೆಳಕ್ಕೆ ಎಳೆದರೆ ಲುಬ್ಧಕ ಸಿಗುತ್ತದೆ. ರಾತ್ರಿ ಆಕಾಶದ ನಕ್ಷತ್ರಗಳಲ್ಲಿ ಅತಿ ಪ್ರಕಾಶದ್ದು ಅದೇ. ಅದರ ಬೆಳಕು ನಮ್ಮನ್ನು ತಲುಪಲು ಎಂಟೂವರೆ ವರ್ಷ ಸಾಕು. ಗೆರೆಯನ್ನು ಮೇಲಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮೇಲೆ ಪುಟ್ಟ ಗೊಂಚಲಾಗಿ ಕೃತ್ತಿಕೆ. ಒಂದೇ ಗೆರೆಯಲ್ಲಿ ಇಷ್ಟು ಸಿಕ್ಕರೆ ಮೊದಲ ರಾತ್ರಿಗೆ ಧಾರಾಳ ಆಯ್ತು.

ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ. ತಿಂಗಳಿಗೆ ಎರಡು ಗಂಟೆಯಾಯಿತು. ಹಾಗಾಗಿ ಇದೇ ನೋಟ ಜನವರಿ ನಡುವಿಗೆ ಸಂಜೆ ಏಳೂವರೆಗೇ ಸಿಗುತ್ತದೆ. ಮಕ್ಕಳಿಗೆ ಅದೇ ಅನುಕೂಲ.

ಧ್ರುವನನ್ನು ನೋಡಲೇಬೇಕಾ? ಏಪ್ರಿಲ್ ತನಕ ಕಾಯಿರಿ. ಆಗ ರಾತ್ರಿ ಒಂಬತ್ತರ ಹೊತ್ತಿಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಅದರ ಚೌಕದಲ್ಲಿ ಬಾಲದಿಂದ ದೂರದ ತುದಿಯ ಎರಡು ನಕ್ಷತ್ರಗಳ ನಡುವಿನ ಅಂತರದ ಐದು ಪಟ್ಟು ಕೆಳಕ್ಕೆ ಇಳಿದರೆ ಧ್ರುವ. ಉತ್ತರ ದಿಕ್ಕು ಬಯಲಾಗಿರುವ ಜಾಗ ಬೇಕು. ಶರಾವತಿ ಹಿನ್ನೀರಿನ ದಕ್ಷಿಣ ದಡದಲ್ಲಿ ನಿಂತರೆ ಎದುರಿಗೆ ಮರವೇ ಅಡ್ಡ ಬರುವುದಿಲ್ಲ. ಸಪ್ತರ್ಷಿಯ ಬಾಲದಲ್ಲಿ ತುದಿಯಿಂದ ಎರಡನೆಯದು ವಸಿಷ್ಠ, ಅದರ ಪಕ್ಕದ ಮಸುಕು ಚುಕ್ಕಿ ಅರುಂಧತಿ. ಮದುವೆ ಮನೆಯಲ್ಲಿ ಮಟಮಟ ಮಧ್ಯಾಹ್ನ ತೋರಿಸಿದ್ದನ್ನು ನೋಡಿ 'ಕಂಡಿತು' ಅಂದವರೆಲ್ಲ ಇಲ್ಲಿ ನಿಜವಾಗಿಯೂ ನೋಡಬಹುದು.

ಆ್ಯಪ್ ಎಡವುವುದು ಸಾಮಾನ್ಯವಾಗಿ ಫೋನಿನ ದಿಕ್ಸೂಚಿಯಿಂದ. ಕಬ್ಬಿಣದ ಶೀಟಿನ ಮಾಡು, ಬೈಕು, ಜೀಪು ಹತ್ತಿರ ಇದ್ದರೆ ಅದು ದಾರಿ ತಪ್ಪುತ್ತದೆ. ದೂರ ಬಂದು ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುಗಿಸಿ. ಪರದೆ ಕೆಂಪು ಬಣ್ಣಕ್ಕೆ ಹಾಕಿಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು, ಒಂದು ಬಿಳಿ ಟಾರ್ಚ್ ಸಾಕು ಅದನ್ನೆಲ್ಲ ಕೆಡಿಸಲು.

ಟೆಲಿಸ್ಕೋಪ್ ಈಗಲೇ ಬೇಡ. ದುಡ್ಡು ಖರ್ಚು ಮಾಡುವುದಾದರೆ 10x50 (ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, 50 ಮಿ.ಮೀ. ಅಗಲದ ಮಸೂರದ) ಬೈನಾಕ್ಯುಲರ್ ಕೊಳ್ಳಿ. ಬರಿಗಣ್ಣಿಗೆ ಆರೇಳು ಕಾಣುವ ಕೃತ್ತಿಕೆ ಅದರಲ್ಲಿ ಹತ್ತಾರು ಆಗುತ್ತದೆ.

ಪ್ರಶ್ನೆ: ಮಳೆ ನಕ್ಷತ್ರಗಳೂ ಆಕಾಶದ ನಕ್ಷತ್ರಗಳೂ ಒಂದೇನಾ? ಆರಿದ್ರಾ ಮಳೆ ಹೊತ್ತಿಗೆ ಆರಿದ್ರಾ ಕಾಣುತ್ತಾ? (ತೀರ್ಥಹಳ್ಳಿಯ ಕೃಷಿಕರೊಬ್ಬರು)

ಉತ್ತರ: ಹೆಸರು ಒಂದೇ. ಆದರೆ ಆಗ ಕಾಣುವುದಿಲ್ಲ, ಮೋಡ ಇಲ್ಲದಿದ್ದರೂ. ಸೂರ್ಯ ಆಕಾಶದ ಯಾವ ಭಾಗದಲ್ಲಿದ್ದಾನೋ ಆ ನಕ್ಷತ್ರದ ಹೆಸರೇ ಮಳೆಗೆ. ಜೂನ್ 21-22ರ ಸುಮಾರಿಗೆ ಸೂರ್ಯ ಆರಿದ್ರಾ ಭಾಗಕ್ಕೆ ಬರುತ್ತಾನೆ. ಆಗ ಆ ನಕ್ಷತ್ರ ಹಗಲಿನ ಆಕಾಶದಲ್ಲಿರುತ್ತದೆ. ಆರು ತಿಂಗಳು ಬಿಟ್ಟರೆ ರಾತ್ರಿಯಿಡೀ ಕಾಣುತ್ತದೆ. ಪಂಚಾಂಗದ ದಿನನಕ್ಷತ್ರ ಮಾತ್ರ ಚಂದ್ರನ ಲೆಕ್ಕ. ಕ್ಯಾಲೆಂಡರಿನಲ್ಲಿ ರೋಹಿಣಿ, ಮಖೆ ಅಥವಾ ಚಿತ್ತೆ ಅಂತ ಬರೆದ ದಿನ ರಾತ್ರಿ ಚಂದ್ರನ ಅಕ್ಕಪಕ್ಕ ಹುಡುಕಿ. ಒಂದು ಮುಷ್ಟಿ ಆಚೀಚೆ ಆ ನಕ್ಷತ್ರ ಸಿಗುತ್ತದೆ. ಸ್ವಾತಿಗೆ ಈ ಉಪಾಯ ನಡೆಯದು, ಅದು ಚಂದ್ರನ ದಾರಿಯಿಂದ ಬಹಳ ಉತ್ತರಕ್ಕಿದೆ. ಸಪ್ತರ್ಷಿಯ ಬಾಲದ ಬಾಗನ್ನು ಮುಂದುವರಿಸಿದರೆ ಅದು ತಾನಾಗಿ ಸಿಗುತ್ತದೆ.