ಗಡಿಯಾರ ಎಲ್ಲಿ ನಿಲ್ಲಬೇಕು?

ಮಾನ್ಯ ಓದುಗರೇ,

ಸರ್ಕಾರಿ ಆಸ್ಪತ್ರೆಗಳ ಮುಂದೆ ರೋಗಿಯನ್ನು ಇಳಿಸಲಾಗದೆ ಆಂಬ್ಯುಲೆನ್ಸ್‌ಗಳು ಸಾಲುಗಟ್ಟಿ ನಿಲ್ಲುವುದನ್ನು ತಪ್ಪಿಸಲು, ಇಂತಿಷ್ಟು ನಿಮಿಷದೊಳಗೆ ಹಸ್ತಾಂತರ ಮುಗಿಯಬೇಕೆಂದು ಗುರಿ ನಿಗದಿಪಡಿಸಿ, ತಪ್ಪಿದ ಆಸ್ಪತ್ರೆಗೆ ದಂಡ ಹಾಕಿದರೆ ಸಾಲದೇ ಎಂದು ತಾವು ಕೇಳಿದ್ದೀರಿ. ಗುರಿ ಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ನಿಂತ ವಾಹನ ಮುಂದಿನ ಕರೆಗೆ ಹೋಗಲಾರದಾದ್ದರಿಂದ, ಈ ವಿಳಂಬದ ಪೆಟ್ಟು ಅದರೊಳಗೆ ಮಲಗಿರುವವರಿಗೆ ಮಾತ್ರವಲ್ಲ, ಎಲ್ಲೋ ಮನೆಯಲ್ಲಿ ಕುಸಿದುಬಿದ್ದು ಕಾಯುತ್ತಿರುವ, ಆ ಆಸ್ಪತ್ರೆಯ ದಾಖಲೆಯಲ್ಲಿ ಹೆಸರೇ ಇಲ್ಲದ ಇನ್ನೊಬ್ಬರಿಗೂ ಬೀಳುತ್ತದೆ.

ದಂಡದ ಮಾತು ಬೇರೆ. ಇಂಗ್ಲೆಂಡಿನಲ್ಲಿ ಹಸ್ತಾಂತರಕ್ಕೆ 15 ನಿಮಿಷದ ಮಾನದಂಡವಿದೆ; 2013ರಲ್ಲಿ 30 ನಿಮಿಷ ಮೀರಿದ ಪ್ರತಿ ಪ್ರಕರಣಕ್ಕೆ 200 ಪೌಂಡ್, ಒಂದು ಗಂಟೆ ಮೀರಿದರೆ 1,000 ಪೌಂಡ್ ದಂಡವನ್ನೂ ಗೊತ್ತುಪಡಿಸಲಾಗಿತ್ತು. ಆದರೂ 2022ರ ಚಳಿಗಾಲದ ಹೊತ್ತಿಗೆ ಅಲ್ಲಿ ಗಂಟೆಗಟ್ಟಲೆ ಕಾಯುವುದು ಮಾಮೂಲಿಯಾಗಿಬಿಟ್ಟಿತ್ತು. ದಂಡ ಹಣವನ್ನು ಕಿತ್ತುಕೊಳ್ಳುತ್ತದೆ, ಹಾಸಿಗೆಯನ್ನು ಕೊಡುವುದಿಲ್ಲ.

ನಮ್ಮ ಮುಖ್ಯ ಆಕ್ಷೇಪ ಇರುವುದು ಅಳತೆಯ ವಿಷಯದಲ್ಲಿ. ತುರ್ತು ವಿಭಾಗಕ್ಕೆ ಬಂದ ರೋಗಿ ನಾಲ್ಕು ಗಂಟೆಯೊಳಗೆ ವಾರ್ಡಿಗೆ ದಾಖಲಾಗಬೇಕು, ಬೇರೆಡೆಗೆ ವರ್ಗವಾಗಬೇಕು ಇಲ್ಲವೇ ಮನೆಗೆ ಮರಳಬೇಕೆಂಬ ಇನ್ನೊಂದು ಗುರಿಯೂ ಅದೇ ದೇಶದಲ್ಲಿದೆ. ರೋಗಿ ಒಳಗೆ ಬಂದ ಮೇಲಷ್ಟೇ ಆ ಗಡಿಯಾರ ಓಡುವುದಾದರೆ, ಅವರನ್ನು ಹೊರಗೇ ಇರಿಸುವುದು ಆಸ್ಪತ್ರೆಗೆ ಲಾಭದ ಲೆಕ್ಕವಾಗಿಬಿಡುತ್ತದೆ. ಆದ್ದರಿಂದಲೇ ಅಲ್ಲಿನ ನಿಯಮ, ಹಸ್ತಾಂತರವಾದ ಕ್ಷಣ ಅಥವಾ ವಾಹನ ಬಂದು 15 ನಿಮಿಷ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಂದ ಎಣಿಸಬೇಕೆನ್ನುತ್ತದೆ. ಕೊನೆಯ ಬಿಂದುವಿಗೂ ಇಂಥದೇ ಎಚ್ಚರ ಬೇಕು. ದಾದಿಯ ಸಹಿ ಬಿದ್ದೊಡನೆ ಹಸ್ತಾಂತರ ಮುಗಿಯಿತೆಂದರೆ, ರೋಗಿ ಆಂಬ್ಯುಲೆನ್ಸಿನ ಸ್ಟ್ರೆಚರಿನ ಮೇಲೆಯೇ ಉಳಿದರೂ ಗುರಿ ಮುಟ್ಟಿದಂತಾಗುತ್ತದೆ. ರೋಗಿ ಆಸ್ಪತ್ರೆಯ ಹಾಸಿಗೆ ಸೇರಿ, ಅವರ ಸ್ಥಿತಿಯನ್ನು ಹೊಣೆ ಹೊತ್ತವರಿಗೆ ತಿಳಿಸಿ, ಆಂಬ್ಯುಲೆನ್ಸ್ ಸಿಬ್ಬಂದಿಗೆ ತಮ್ಮ ಸ್ಟ್ರೆಚರ್ ಮರಳಿ ಸಿಕ್ಕಾಗಲೇ ಗಡಿಯಾರ ನಿಲ್ಲಬೇಕು. ಹಾಸಿಗೆ ಎಂದರೆ ಕಾರಿಡಾರಿನಲ್ಲಿ ತಳ್ಳಿ ನಿಲ್ಲಿಸಿದ ಮಂಚವಲ್ಲ ಎಂಬುದನ್ನೂ ನಿಯಮದಲ್ಲೇ ಬರೆಯಬೇಕಾದೀತು.

ಅಡಚಣೆಯ ಮೂಲ ಸಾಮಾನ್ಯವಾಗಿ ಬಾಗಿಲಲ್ಲಿರುವುದಿಲ್ಲ. ಗುಣವಾದವರು ಬಿಡುಗಡೆಯ ಕಾಗದಕ್ಕೋ ಔಷಧಕ್ಕೋ ಮನೆಯ ಆರೈಕೆಯ ಏರ್ಪಾಡಿಗೋ ಕಾಯುತ್ತಾ ವಾರ್ಡಿನಲ್ಲಿ ಸಂಜೆಯವರೆಗೆ ಉಳಿಯುತ್ತಾರೆ. ದಾಖಲಾಗಬೇಕಾದವರು ತುರ್ತು ವಿಭಾಗದಲ್ಲಿ ತಂಗುತ್ತಾರೆ. ಹೊಸಬರಿಗೆ ವಾಹನವೇ ವಾರ್ಡಾಗುತ್ತದೆ. ಹೀಗಿರುವಾಗ ಬಾಗಿಲಲ್ಲಿ ನಿಂತ ದಾದಿಯನ್ನು ಹೊಣೆಯಾಗಿಸುವುದು ಅನ್ಯಾಯ. ಹಸ್ತಾಂತರದ ಗುರಿಯ ಜೊತೆಗೆ, ಮಧ್ಯಾಹ್ನದೊಳಗೆ ತೆರವಾಗಬೇಕಾದ ಹಾಸಿಗೆಗಳ ಗುರಿಯನ್ನು ಇಡೀ ಆಸ್ಪತ್ರೆಯ ಮುಖ್ಯಸ್ಥರ ಹೆಸರಿಗೇ ಬರೆಯಬೇಕು. ತಿಂಗಳ ಸರಾಸರಿಯೊಂದನ್ನೇ ಅಲ್ಲದೆ, ಅತಿ ಹೆಚ್ಚು ಕಾದ ರೋಗಿ ಎಷ್ಟು ಹೊತ್ತು ಕಾದರೆಂಬುದನ್ನೂ ಅವರೇ ಪ್ರಕಟಿಸಬೇಕು.

— ಸಂಪಾದಕ