ಅಂಬರಿನೊಳಗೆ ಒಂದೇ ಒಂದು ಹೂವು ಸಿಕ್ಕರೆ, ಅದು ಹೊಸ ಪ್ರಭೇದ ಅಂತ ಹೇಗೆ ಗೊತ್ತಾಗುತ್ತದೆ?

ಅಂಬರು ಅಂದರೆ ಬಹಳ ಹಿಂದಿನ ಮರಗಳ ರಾಳ ಗಟ್ಟಿಯಾಗಿ ಕಲ್ಲಿನಂತಾದದ್ದು. ಎಲೆಯಿಲ್ಲ, ಕಾಯಿಯಿಲ್ಲ, ತೊಗಟೆಯಿಲ್ಲ, ಬರೀ ಹೂವು ನೋಡಿ ಹೆಸರಿಡುವುದು ಊಹೆಯಲ್ಲವೇ ಎಂದು ಕೇಳಿದ್ದೀರಿ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಪಳೆಯುಳಿಕೆ ನನ್ನ ವಿಷಯವಲ್ಲ, ಆದರೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ನಡುವೆ, ಅಂದರೆ ಹರ್ಬೇರಿಯಂನಲ್ಲಿ, ವರ್ಷಗಟ್ಟಲೆ ಕೂತಿದ್ದೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇರುವುದು ಅಲ್ಲೇ.

ನಮ್ಮ ಕಡೆಯ ಕಾಸರಕನ ಮರ ನಿಮಗೆ ಗೊತ್ತಿರಬಹುದು. ಕಿತ್ತಳೆ ಬಣ್ಣದ ಹಣ್ಣು, ಒಳಗೆ ಅಂಗಿಯ ಗುಂಡಿಯಂಥ ಚಪ್ಪಟೆ ಬೀಜ, ಬೀಜದಲ್ಲಿ ಸ್ಟ್ರಿಕ್ನಿನ್ ವಿಷ. ಅದರ ಕುಲ ಸ್ಟ್ರಿಕ್ನಾಸ್. ನೀರು ತಿಳಿಯಾಗಿಸಲು ಹಿಂದೆ ಮಡಕೆಯೊಳಗೆ ಉಜ್ಜುತ್ತಿದ್ದ ಚಿಲ್ಲದ ಬೀಜವೂ ಇದೇ ಕುಲದ್ದು. ಇದೇ ಕುಲದ ಎರಡು ಹೂವುಗಳು ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯದ ಗಣಿಯೊಂದರ ಅಂಬರಿನಲ್ಲಿ ಸಿಕ್ಕವು. ಅಂಬರಿನ ಪಳೆಯುಳಿಕೆಗಳನ್ನು ಅಭ್ಯಾಸ ಮಾಡುವ ಜಾರ್ಜ್ ಪೊಯ್ನಾರ್ 1986ರಲ್ಲಿ ಅವನ್ನು ತಂದರು. ಹೆಸರಿಲ್ಲದೆ ಹೆಚ್ಚುಕಡಿಮೆ 30 ವರ್ಷ ಕೂತ ಮೇಲೆ ಅವುಗಳ ಫೋಟೋ ಲೇನಾ ಸ್ಟ್ರೂವೆ ಅವರ ಕೈ ಸೇರಿತು. ಅವರು ಈ ಕುಟುಂಬದ ಸಸ್ಯಗಳನ್ನೇ ಅಭ್ಯಾಸ ಮಾಡಿದವರು.

ಸ್ಟ್ರಿಕ್ನಾಸ್ ಕುಲದಲ್ಲಿ ಈಗ ಬದುಕಿರುವ ಪ್ರಭೇದಗಳು ಸುಮಾರು 200. ಸ್ಟ್ರೂವೆ ಹರ್ಬೇರಿಯಂ ಹಾಳೆಗಳನ್ನು ತೆಗೆದು, ಅಮೆರಿಕ ಖಂಡಗಳ ಪ್ರಭೇದಗಳ ಹೂವುಗಳನ್ನು ಒಂದೊಂದಾಗಿ ಅಳೆದು ಫೋಟೋದ ಜೊತೆ ಹೋಲಿಸಿದರು. ಅವರು ಮುಖ್ಯವಾಗಿ ನೋಡಿದ್ದರಲ್ಲಿ ದಳದ ಮೇಲಿನ ರೋಮವೂ ಒಂದು. ರೋಮ ಇದೆಯೇ, ಇದ್ದರೆ ಎಲ್ಲಿ, ಹೇಗಿದೆ? ಇಂಥ ಗುಣಗಳನ್ನೆಲ್ಲ ಒಟ್ಟಿಗೆ ಇಟ್ಟಾಗ ಯಾವುದಕ್ಕೂ ಪೂರ್ತಿ ಹೊಂದದೆ ಉಳಿದರೆ, ಆಗ ಹೊಸದು. 2016ರಲ್ಲಿ ಸ್ಟ್ರಿಕ್ನಾಸ್ ಎಲೆಕ್ಟ್ರಿ ಎಂದು ಹೆಸರಿಟ್ಟರು. ಗ್ರೀಕರು ಅಂಬರನ್ನು ಎಲೆಕ್ಟ್ರಾನ್ ಎನ್ನುತ್ತಿದ್ದರು, ಅದರಿಂದ ಬಂದದ್ದು.

ಕಲ್ಲಿನ ಮೇಲಿನ ಅಚ್ಚಿನಲ್ಲಿ ಇಂಥ ರೋಮ ನೋಡಲು ಸಿಗುವುದು ತೀರ ಅಪರೂಪ. ಅಂಬರಿನಲ್ಲಿ ಹೂವು ಚಪ್ಪಟೆಯಾಗದೆ ಉಬ್ಬಿದಂತೆಯೇ ನಿಂತಿರುತ್ತದೆ, ಅಂಬರನ್ನು ತಿರುಗಿಸಿ ಬದಿಯಿಂದಲೂ ನೋಡಬಹುದು. ನನಗಂತೂ ಇದು ಎಷ್ಟು ಸಲ ನೆನೆದರೂ ಬೆರಗು. ವಯಸ್ಸು ಮಾತ್ರ ಅಷ್ಟು ಖಚಿತವಲ್ಲ: 1.5 ಕೋಟಿಯಿಂದ 4.5 ಕೋಟಿ ವರ್ಷದ ನಡುವೆ ಎಂದರು, ಏಕೆಂದರೆ ಲೆಕ್ಕ ಹಾಕಿದ್ದು ಸುತ್ತಲಿನ ಮಣ್ಣುಪದರದ ಸೂಕ್ಷ್ಮಜೀವಿಗಳ ಪಳೆಯುಳಿಕೆಯಿಂದ.

ಹೆಸರು ಊರ್ಜಿತವಾಗಲು ಕಾನೂನೂ ಇದೆ. ಹೋಲೋಟೈಪ್ ಎಂದು ಒಂದೇ ಮಾದರಿಯನ್ನು ಗುರುತಿಸಿ ಅದು ಯಾವ ಸಂಗ್ರಹದಲ್ಲಿದೆ ಎಂದು ಬರೆಯಬೇಕು, ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವಿವರಣೆ ಕೊಡಬೇಕು, ಪಳೆಯುಳಿಕೆಯಾದರೆ ಚಿತ್ರವೂ ಕಡ್ಡಾಯ. ಮುಂದೆ ಯಾರಿಗೆ ಅನುಮಾನ ಬಂದರೂ ಹೋಗಿ ಅದೇ ಕಲ್ಲನ್ನು ನೋಡಬಹುದು.

ನೋಡಿದ್ದೂ ಉಂಟು. ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ಕಡೆಯ ಅಂಬರಿನಲ್ಲಿ 28 ಮಿಲಿಮೀಟರ್ ಅಗಲದ ಹೂವೊಂದಿದೆ, ಅಂಬರಿನಲ್ಲಿ ಸಿಕ್ಕ ಹೂವುಗಳಲ್ಲೇ ದೊಡ್ಡದು. 1872ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಕ್ಯಾಸ್ಪರಿ ಅದನ್ನು ಚಹಾ ಗಿಡದ ಕುಟುಂಬಕ್ಕೆ ಸೇರಿಸಿ ಸ್ಟುವರ್ಷಿಯಾ ಎಂದಿದ್ದರು. ಎವಾ-ಮರಿಯಾ ಸಾಡೋವ್ಸ್ಕಿ ಮತ್ತು ಕ್ರಿಸ್ಟಾ ಹಾಫ್‌ಮನ್ ಆ ಅಂಬರಿನಿಂದ ಒಂಚೂರು ಪರಾಗ ಕೆರೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರು. ಪರಾಗ ಹೋಲಿದ್ದು ಸಿಂಪ್ಲೊಕಾಸ್‌ಗೆ, ಅದರಲ್ಲೂ ಈಗ ಏಷ್ಯಾದಲ್ಲಿರುವ ಪ್ರಭೇದಗಳಿಗೆ. ಆಯುರ್ವೇದದ ಲೋಧ್ರ ಇರುವ ಕುಲ ಅದು. 2023ರಲ್ಲಿ ಹೆಸರು ಬದಲಾಯಿತು. ಅಂದರೆ ಕ್ಯಾಸ್ಪರಿ ಹೇಳಿದ್ದು ತಪ್ಪಾಗಿತ್ತು, ಆದರೆ ಅದು ತಪ್ಪು ಎಂದು ತೋರಿಸಲು ಸಾಧ್ಯವಾಯಿತಲ್ಲ, ಬರೀ ಊಹೆಯಾಗಿದ್ದರೆ ಅದಕ್ಕೆ ದಾರಿಯೇ ಇರುತ್ತಿರಲಿಲ್ಲ.

ನಿಮಗೇ ನೋಡಬೇಕೆನಿಸಿದರೆ ಬೇಸಿಗೆಯಲ್ಲಿ ಚಿಗುರಿನ ಜೊತೆ ಕಾಸರಕ ಹೂ ಬಿಡುವಾಗ ಒಂದು ಹೂವು ತನ್ನಿ. ಹಸಿರು ಬೆರೆತ ಬಿಳಿ ಬಣ್ಣದ ಸಣ್ಣ ಕೊಳವೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಹತ್ತು ಪಟ್ಟು ಹಿಗ್ಗಿಸುವ ಲೆನ್ಸಿನಲ್ಲಿ ಒಳಬುಡ ನೋಡಿ: ಅಲ್ಲೊಂದು ಇಲ್ಲೊಂದು ರೋಮ ಕಾಣುತ್ತದೆ. ಮುಗಿದ ಮೇಲೆ ಕೈ ಚೆನ್ನಾಗಿ ತೊಳೆದುಕೊಳ್ಳಿ, ಮರ ವಿಷದ್ದು.