ವಿಚಿತ್ರ ಸೈನ್ಸ್ ಫಿಕ್ಷನ್ ಹಾರರ್ ಕಾಮಿಡಿಗೆ ಒಬ್ಬರು 5 ಸ್ಟಾರ್, ಇನ್ನೊಬ್ಬರು 1 ಸ್ಟಾರ್ ಕೊಡುವುದು ಯಾಕೆ?

ಇಬ್ಬರೂ ನೋಡಿದ್ದು ಒಂದೇ ದೃಶ್ಯ. ಆದರೆ ಅದನ್ನು ತಮಾಷೆ ಅಂತ ತೆಗೆದುಕೊಂಡವರು ಒಬ್ಬರೇ.

ಭಯಕ್ಕೂ ನಗುವಿಗೂ ಬೇಕಾದ ತಯಾರಿ ಹೆಚ್ಚುಕಡಿಮೆ ಒಂದೇ, ಅಲ್ವಾ? ಮೊದಲು ಮೈ ಬಿಗಿಯಾಗಬೇಕು, ಆಮೇಲೆ ನಿರೀಕ್ಷಿಸದೇ ಇದ್ದದ್ದು ಏನೋ ಆಗಬೇಕು. 'ಇದೆಲ್ಲ ಸುಳ್ಳು, ನನಗೇನೂ ಆಗಲ್ಲ' ಅಂತ ಮನಸ್ಸಿಗೆ ಅನ್ನಿಸಿದರೆ ಆ ಬಿಗಿತ ನಗುವಾಗಿ ಹೊರಬರುತ್ತದೆ. ಅನ್ನಿಸದಿದ್ದರೆ ಹೇಸಿಗೆಯಾಗಿಯೇ ಉಳಿಯುತ್ತದೆ.

1985ರ 'ರೀ-ಆನಿಮೇಟರ್' ನೋಡಿ. ಸತ್ತವರನ್ನು ಎಬ್ಬಿಸುವ, ಹಸಿರಾಗಿ ಹೊಳೆಯುವ ಔಷಧ ಕಂಡುಹಿಡಿದ ವೈದ್ಯಕೀಯ ವಿದ್ಯಾರ್ಥಿಯ ಕಥೆ. ಒಂದು ಕಡೆ ಅವನು ಕತ್ತರಿಸಿದ ತಲೆಯನ್ನು ಟ್ರೇಯಲ್ಲಿ ನೆಟ್ಟಗೆ ನಿಲ್ಲಿಸಲು ನೋಡುತ್ತಾನೆ. ಅದು ಉರುಳಿ ಬೀಳುತ್ತದೆ. ಕಡೆಗೆ ಚೀಟಿ ಚುಚ್ಚಿಡುವ ಮೊಳೆಗೆ ಅದನ್ನು ಸಿಕ್ಕಿಸುತ್ತಾನೆ. ನಟ ಜೆಫ್ರಿ ಕೋಮ್ಸ್ ಮುಖದಲ್ಲಿ ನಗುವಿನ ಸುಳಿವೇ ಇಲ್ಲ, ಬರೀ ಕಿರಿಕಿರಿ. 'ಈಗ ನಗಿ' ಅಂತ ಸಿನಿಮಾ ಸನ್ನೆ ಮಾಡುವುದೇ ಇಲ್ಲ. ನನಗಂತೂ ಅದೇ ಇಷ್ಟ. ಆದರೆ ಅಪ್ಪಟ ಹಾರರ್ ಬೇಕೆಂದು ಕೂತವರಿಗೆ ಇದು ಸುಮ್ನೆ ಹುಚ್ಚಾಟ, ರಕ್ತ ಕಂಡರಾಗದವರಿಗೆ ಹಿಂಸೆ.

ಜೊತೆಗೆ ಯಾರಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗುಂಪಿನಲ್ಲಿ ಒಬ್ಬರು ನಕ್ಕರೆ ಉಳಿದವರಿಗೂ ಧೈರ್ಯ ಬರುತ್ತದೆ.

ಹಾಗಾಗಿ ಇಂಥ ಸಿನಿಮಾಗಳ ಸರಾಸರಿ ಸ್ಟಾರ್ ನೋಡಿ ಜಾಸ್ತಿ ಪ್ರಯೋಜನ ಇಲ್ಲ. 1 ಸ್ಟಾರ್ ಕೊಟ್ಟವರು ಏನಂತ ಬೈದಿದ್ದಾರೆ ಅನ್ನುವುದನ್ನು ಓದಿ. ಎಷ್ಟೋ ಸಲ ಅವರು ಬೈದದ್ದೇ ನಿಮಗೆ ಬೇಕಾದದ್ದಾಗಿರುತ್ತದೆ.